ಬಿಂದಿಗೆಯ ತೂಕ

ನಾನು ಜಿಪುಣನೆಂಬ ವಿಷಯದಲ್ಲಿ ನಮ್ಮ ಮನೆಯಲ್ಲಿ ಎರಡು ಅಭಿಪ್ರಾಯವಿಲ್ಲ. ಹುಟ್ಟು ಜಿಪುಣನನ್ನು ಸಹಿಸಬಹುದಂತೆ. ಅರವತ್ತರ ಮೇಲೆ ಜಿಪುಣನಾದವನನ್ನು ಸಹಿಸುವುದು ಕಷ್ಟವಂತೆ. ಇದು ನನ್ನ ಮನೆಯಾಕೆಯ ಅಭಿಪ್ರಾಯ. ಅವಳು ಹೇಳುವುದರಲ್ಲಿ ನಿಜವುಂಟು. ಕೈತುಂಬ ಸಂಬಳ ಬರುತ್ತಿದ್ದ ದಿನಗಳಲ್ಲಿ ನಾನು ದೀಪ ಆರಿಸಿದವನಲ್ಲ, ನಲ್ಲಿ ತಿರುಗಿಸಿದವನಲ್ಲ. ಈಗ ಪಿಂಚಣಿಯಲ್ಲಿ ಕುಳಿತವನು ರಾತ್ರಿ ಹತ್ತು ಗಂಟೆಗೆ ಊರಕಾವಲುಗಾರನಂತೆ ಕೋಣೆಯಿಂದ ಕೋಣೆಗೆ ಸುತ್ತಿ ಸ್ವಿಚ್ಚುಗಳನ್ನು ಒತ್ತುತ್ತೇನೆ. ಬಚ್ಚಲ ನಲ್ಲಿಯ ಕೆಳಗೆ ಕಿವಿಗೊಟ್ಟು ನಿಲ್ಲುತ್ತೇನೆ.

ಇದಕ್ಕೆ ಹಣದ ಕಾರಣವನ್ನಾದರೂ ಹೇಳಿಕೊಳ್ಳೋಣವೆಂದರೆ ಅದಕ್ಕೂ ದಾರಿಯಿಲ್ಲದಂತಾಯಿತು. 2023ರ ಆಗಸ್ಟಿನಲ್ಲಿ ಗೃಹಜ್ಯೋತಿ ಬಂತು. 200 ಯೂನಿಟ್ಟಿನ ಮಿತಿಯೊಳಗೆ, ನಮ್ಮ ಹಿಂದಿನ ಸರಾಸರಿಗೆ ಶೇಕಡ ಹತ್ತು ಸೇರಿಸಿದಷ್ಟು ಕರೆಂಟು ಪುಕ್ಕಟೆ. ಮೊದಲ ಬಾರಿಗೆ ಸೊನ್ನೆ ಬರೆದ ಬಿಲ್ಲನ್ನು ಮನೆಯಾಕೆ ನನ್ನ ಮುಂದೆ ಹಿಡಿದು, "ನೋಡ್ರೀ, ಇನ್ನು ಮೇಲಾದ್ರೂ ಕತ್ತಲಲ್ಲಿ ತಡವರಿಸೋದು ತಪ್ಪುತ್ತೆ. ಯಾರ ಗಂಟು ಹೋಗುತ್ತೆ ಈಗ?" ಎಂದಳು.

ಯಾರ ಗಂಟು ಹೋಗುತ್ತದೆ? ಪ್ರಶ್ನೆ ಸುಲಭವಾಗಿ ಕಂಡರೂ ನನಗೆ ಆಗ ಉತ್ತರ ತೋಚಲಿಲ್ಲ. ನಮ್ಮ ತುಮಕೂರು ಜಿಲ್ಲೆಯದೇ ಆದ ಪಾವಗಡದಲ್ಲಿ 2050 ಮೆಗಾವಾಟಿನ ಸೌರ ವಿದ್ಯುತ್ ಕ್ಷೇತ್ರವಿದೆ. ಬಿಸಿಲಿಗೆ ಅಲ್ಲಿ ಬರವಿಲ್ಲ. "ಸೂರ್ಯ ಕೊಡೋದಕ್ಕೂ ನೀವು ಲೆಕ್ಕ ಇಡ್ತೀರಾ?" ಎಂದು ಅವಳು ಕೇಳಬಹುದು. ಆದರೆ ನಾವು ದೀಪ ಹಚ್ಚುವುದು ಸೂರ್ಯ ಮುಳುಗಿದ ಮೇಲೆ. ಆಗ ಎಲ್ಲಿಯೋ ಕಲ್ಲಿದ್ದಲು ಉರಿಯಬೇಕು, ಎಲ್ಲಿಯೋ ಅಣೆಕಟ್ಟಿನ ನೀರು ಇಳಿಯಬೇಕು. ಬಿಲ್ಲಿನಲ್ಲಿ ಸೊನ್ನೆ ಬಿದ್ದ ಮಾತ್ರಕ್ಕೆ ಕಲ್ಲಿದ್ದಲು ಉರಿಯದೆ ಇರುವುದಿಲ್ಲ. ಇದನ್ನೆಲ್ಲ ಮನೆಯಾಕೆಗೆ ಹೇಳಬಹುದಿತ್ತು. ಆದರೆ ನಾನು ದೀಪ ಆರಿಸುವುದಕ್ಕೆ ನಿಜವಾದ ಕಾರಣ ಇದಾವುದೂ ಅಲ್ಲ. ಆ ಕಾರಣವನ್ನು ಹೇಳಬೇಕಾದರೆ ನಮ್ಮೂರಿನ ಬಾವಿಯಿಂದ ಆರಂಭಿಸಬೇಕು.

ನಮ್ಮೂರು ಗೂಳೂರು. ತುಮಕೂರಿನಿಂದ ಕುಣಿಗಲ್ಲಿನ ರಸ್ತೆ ಹಿಡಿದರೆ ಒಂದೆರಡು ಹರದಾರಿಯೊಳಗೇ ಸಿಗುತ್ತದೆ. ನಮ್ಮೂರಿನ ಗಣಪತಿಯನ್ನು ನೀವು ಬಲ್ಲಿರಿ. ಎಲ್ಲರ ಮನೆಯ ಗಣಪತಿ ಚೌತಿಯ ದಿನ ಕುಳಿತು ಹೊರಡುವ ಅವಸರದಲ್ಲಿದ್ದರೆ, ನಮ್ಮೂರಿನವನನ್ನು ಮಾಡುವ ಕೆಲಸ ಆರಂಭವಾಗುವುದೇ ಚೌತಿಯ ದಿನ. ಕೆರೆಯ ಮಣ್ಣನ್ನು ತಂದು, ಹದಮಾಡಿ, ಸ್ವಲ್ಪ ಸ್ವಲ್ಪವಾಗಿ ಆಳೆತ್ತರ ಮೀರಿ ಬೆಳೆಸಿ, ಬಲಿಪಾಡ್ಯಮಿಯ ಹೊತ್ತಿಗೆ ಪೂರೈಸುತ್ತಾರೆ. ಕಾರ್ತಿಕಮಾಸವೆಲ್ಲ ಪೂಜೆ. ಆಮೇಲೆ ಬಾಣಬಿರುಸುಗಳ ನಡುವೆ ಮತ್ತೆ ಅದೇ ಕೆರೆಗೆ. ಕೆರೆಯಿಂದ ತಂದ ಮಣ್ಣನ್ನು ಕೆರೆಗೇ ಹಿಂದಿರುಗಿಸುತ್ತಾರೆ. ಇಂಥ ದೇವರ ಊರಿನಲ್ಲಿ ಹುಟ್ಟಿದವನಿಗೆ ಉಳಿತಾಯದ ಉಪದೇಶ ಬೇರೆ ಬೇಕಾಗಿರಲಿಲ್ಲ. ಆದರೂ ಅದು ನನಗೆ ತಡವಾಗಿ ತಲೆಗೆ ಹತ್ತಿತು.

ನಮ್ಮ ಮನೆಯ ಹಿತ್ತಲಲ್ಲಿ ಕಲ್ಲು ಕಟ್ಟಿದ ಬಾವಿಯಿತ್ತು. ಮಳೆಗಾಲ ಚೆನ್ನಾಗಿ ಆದ ವರ್ಷ ಮೂರು ಮಾರು ಹಗ್ಗ ಸಾಕು. ಬೇಸಗೆಯಲ್ಲಿ ಎಂಟು ಮಾರು ಬೇಕು. ನೀರು ಸೇದುವವರು ಅಮ್ಮ. ನಮ್ಮ ಹಿತ್ತಾಳೆ ಬಿಂದಿಗೆ ಹದಿನೈದು ಲೀಟರಿನದು. ಬಿಂದಿಗೆಯ ತೂಕವೂ ಸೇರಿದರೆ ಹದಿನೆಂಟು ಕಿಲೋ. ಎಂಟು ಜನ, ಒಂದು ಹಸು. ಬಟ್ಟೆಯನ್ನು ಕೆರೆಗೆ ಒಯ್ಯುತ್ತಿದ್ದರು; ಉಳಿದದ್ದಕ್ಕೆಲ್ಲ ಸೇರಿ ದಿನಕ್ಕೆ ಇಪ್ಪತ್ತೈದು ಬಿಂದಿಗೆ. ಸ್ಕೂಲಿನಿಂದ ಬಂದ ಮೇಲೆ ಎರಡು ಬಿಂದಿಗೆ ಸೇದುವುದು ನನ್ನ ಪಾಲಿನ ಕೆಲಸ. ಎರಡನೆಯದು ಮೇಲೆ ಬರುವ ಹೊತ್ತಿಗೆ ಅಂಗೈ ಕೆಂಪಗಾಗಿ, ರಾಟೆಯ ಕಿರ್ ಎಂಬ ಸದ್ದು ನನ್ನ ತೋಳಿನೊಳಗಿನಿಂದಲೇ ಬರುತ್ತಿದೆಯೇನೋ ಎನಿಸುತ್ತಿತ್ತು.

ಹೀಗೆ ಮೇಲೆ ಬಂದ ನೀರನ್ನು ಒಂದೇ ಸಲ ಬಳಸಿ ಚೆಲ್ಲಲು ಯಾರಿಗೆ ಮನಸ್ಸು ಬಂದೀತು? ಅಕ್ಕಿ ತೊಳೆದ ನೀರು ಕಲಗಚ್ಚಿನ ಬಾನಿಗೆ. ಅಲ್ಲಿಂದ ಹಸುವಿನ ಹೊಟ್ಟೆಗೆ. ಸ್ನಾನದ ನೀರು ಬಚ್ಚಲ ಹಿಂದಿನ ಬಾಳೆಯ ಬುಡಕ್ಕೆ. ಮುಖ ತೊಳೆಯುವವರು ಕರಿಬೇವಿನ ಗಿಡದ ಹತ್ತಿರವೇ ನಿಂತು ತೊಳೆಯಬೇಕು. ಪಾತ್ರೆಗಳನ್ನು ಒಲೆಯ ಬೂದಿ, ತೆಂಗಿನ ನಾರಿನಿಂದ ಮೊದಲು ಒಣದಾಗಿ ತಿಕ್ಕಿ, ಆಮೇಲೆ ಒಂದು ಬೋಗುಣಿ ನೀರಿನಲ್ಲಿ ಅದ್ದಿ ತೆಗೆಯುವುದು. ಬೆಂಕಿಯ ಕಥೆಯೂ ಇದೇ. ಹುರುಳಿಕಾಳು ರಾತ್ರಿಯೇ ನೆನೆಯುತ್ತಿತ್ತು. ನೆನೆದ ಕಾಳಿಗೆ ಅರ್ಧ ಸೌದೆ ಸಾಕು. ಎಸರಿಟ್ಟ ಪಾತ್ರೆಗೆ ಮುಚ್ಚಳವಿಲ್ಲದಿದ್ದರೆ ಅಮ್ಮ ಸಹಿಸುತ್ತಿರಲಿಲ್ಲ. ಅಡಿಗೆ ಮುಗಿದ ಮೇಲೆ ಉಳಿದ ಕೆಂಡದ ಮೇಲೆ ಹಾಲು. ಹಂಡೆಯ ಒಲೆಗೆ ಸೌದೆಯನ್ನು ತೋರಿಸಿದ್ದೇ ಇಲ್ಲ. ಗರಿ, ಮಟ್ಟೆ, ಕರಟ ಎಲ್ಲ ನಮ್ಮ ತೆಂಗಿನಮರಗಳದೇ.

ಹಿಂದಿನ ಕಾಲವೆಲ್ಲ ಬಂಗಾರ ಎನ್ನುವ ಚಟ ನನಗಿಲ್ಲ. ಒಲೆಯ ಹೊಗೆಗೆ ಅಮ್ಮನ ಕಣ್ಣು ಸದಾ ಕೆಂಪು. ಅವರ ಅಂಗೈಯ ಮೇಲೆ ಹಗ್ಗ ಎಳೆದ ಗೆರೆಗಳು ವಿಧಿ ಬರೆದ ಗೆರೆಗಳನ್ನು ಅಳಿಸಿಬಿಟ್ಟಿದ್ದವು. ಆ ಬಾಳು ಮತ್ತೆ ಬರಲಿ ಎಂದು ಹಾರೈಸುವವನು ಎರಡು ದಿನ ಬಾವಿಯ ಮುಂದೆ ನಿಂತು ನೋಡಲಿ. ನಾನು ಹೇಳುವುದು ಇಷ್ಟೆ: ಆಗ ನಮ್ಮಲ್ಲಿ ಯಾರೂ 'ನೀರು ಉಳಿಸಿ' ಎಂದು ಗೋಡೆಯ ಮೇಲೆ ಬರೆದಿರಲಿಲ್ಲ. ತೋಳಿಗೆ ಗೊತ್ತಿದ್ದುದನ್ನು ಗೋಡೆಗೆ ಹೇಳಿಸುವ ಅಗತ್ಯವಿರಲಿಲ್ಲ.

ನಾನು ತುಮಕೂರಿನಲ್ಲಿ ಮನೆ ಕಟ್ಟಿಸಿದ್ದು 1989ರಲ್ಲಿ. ನಲ್ಲಿ, ತೊಟ್ಟಿ, ಮೋಟಾರು, ಮೇಲೊಂದು ಟ್ಯಾಂಕು. ಬಚ್ಚಲಲ್ಲಿ ನೀರು ಕಾಯಿಸುವ ಗೀಸರು. ಗೃಹಪ್ರವೇಶದ ದಿನ ನಲ್ಲಿ ತಿರುಗಿಸಿ ಬಂಧುಗಳಿಗೆ ತೋರಿಸಿದೆ. ಭಗೀರಥನಿಗೂ ಅಷ್ಟು ಹೆಮ್ಮೆಯಾಗಿರಲಿಕ್ಕಿಲ್ಲ. 1992ರಲ್ಲಿ ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ಕರೆತಂದೆ. "ಇನ್ನು ಮೇಲೆ ನೀನು ಹಗ್ಗ ಮುಟ್ಟಬೇಕಾಗಿಲ್ಲಮ್ಮ" ಎಂದೆ. ಅದನ್ನು ನಾನು ಮನಸಾರೆ ಹೇಳಿದೆ.

ಅಮ್ಮ ಹಗ್ಗ ಮುಟ್ಟಲಿಲ್ಲ. ಆದರೆ ಹಗ್ಗದ ಬುದ್ಧಿಯನ್ನೂ ಬಿಡಲಿಲ್ಲ. ಬಕೆಟ್ಟಿನ ಮುಕ್ಕಾಲು ನೀರಿನಲ್ಲಿ ಅವರ ಸ್ನಾನ ಮುಗಿಯುತ್ತಿತ್ತು. ನಾನು ಕೋಣೆಯಿಂದ ಎದ್ದು ಬಂದರೆ ಹಿಂದೆಯೇ ಹೋಗಿ ದೀಪ ಆರಿಸುವರು. ನಾನು ಪತ್ರಿಕೆ ತರಲು ಎದ್ದಿರುತ್ತಿದ್ದೆ, ಹಿಂದಿರುಗಿದರೆ ಕತ್ತಲೆ. ಅಡಿಗೆಮನೆಯ ಮೂಲೆಯಲ್ಲಿ ಒಂದು ಹಳೆಯ ಪಾತ್ರೆ. ಅದರಲ್ಲಿ ಅಕ್ಕಿ ತೊಳೆದದ್ದು, ಬೇಳೆ ತೊಳೆದದ್ದು, ಸೊಪ್ಪು ತೊಳೆದದ್ದು. ಹಸುವಿಲ್ಲದ ಮನೆಯಲ್ಲಿ ಕಲಗಚ್ಚು! ಸಂಜೆ ಅದನ್ನು ಎರಡು ಕೈಯಲ್ಲೂ ಹಿಡಿದು ಅಂಗಳದ ಕರಿಬೇವಿನ ಗಿಡಕ್ಕೆ ಹಾಕಿ ಬರುವರು.

ಒಂದು ಭಾನುವಾರ ಕಚೇರಿಯ ಮೇಲಧಿಕಾರಿಯೊಬ್ಬರು ಮನೆಗೆ ಬಂದಿದ್ದರು. ಕೈ ತೊಳೆಯಲೆಂದು ಒಳಗೆ ಬಂದವರ ಕಾಲಿಗೆ ಆ ಪಾತ್ರೆ ತಗುಲಿ, ಅವರ ಷರಾಯಿಯ ಅಂಚು ಒದ್ದೆಯಾಯಿತು. ಅವರು ನಕ್ಕು ಸುಮ್ಮನಾದರು. ನಾನು ಸುಮ್ಮನಾಗಲಿಲ್ಲ. ಅವರನ್ನು ಬೀಳ್ಕೊಟ್ಟು ಒಳಗೆ ಬಂದವನೇ ಪಾತ್ರೆಯನ್ನು ಎತ್ತಿ ಮೋರಿಗೆ ಸುರಿದೆ.

"ಅದನ್ನ ಚೆಲ್ಲಬೇಡಪ್ಪ" ಎಂದರು ಅಮ್ಮ.

"ನೀರಿಗೆ ದುಡ್ಡು ಕೊಡೋನು ನಾನು. ನಿನ್ನ ಕೈಯಿಂದ ಏನಾದ್ರೂ ಹೋಗುತ್ತೇನಮ್ಮ?"

ಅಮ್ಮ ಸ್ವಲ್ಪ ಹೊತ್ತು ಮೋರಿಯ ಕಡೆಯೇ ನೋಡಿದರು. "ಇಲ್ಲಪ್ಪ, ಏನೂ ಹೋಗಲ್ಲ" ಎಂದರು.

ಮಾರನೆಯ ದಿನದಿಂದ ಮೂಲೆಯಲ್ಲಿ ಪಾತ್ರೆಯಿರಲಿಲ್ಲ. ದೀಪಗಳು ತಮ್ಮಷ್ಟಕ್ಕೆ ಉರಿಯತೊಡಗಿದವು. ದೀಪಾವಳಿ ಬಂತು, "ಊರ ಗಣಪತಿ ನೋಡಿಕೊಂಡು ಬರ್ತೀನಿ" ಎಂದು ಅಮ್ಮ ಗೂಳೂರಿಗೆ ಹೋದರು. ಗಣಪತಿ ಕೆರೆಗೆ ಹೋದ ಮೇಲೂ ಅವರು ಬರಲಿಲ್ಲ. ನಾನು ಕರೆಯಲು ಹೋದರೆ, "ಇಲ್ಲೇ ಇರ್ತೀನಪ್ಪ, ಗಿಡ ಒಣಗುತ್ತೆ" ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. 1998ರಲ್ಲಿ ತೀರಿಕೊಳ್ಳುವವರೆಗೂ ತಮ್ಮನ ಸಂಸಾರದ ಜೊತೆಗೇ ಇದ್ದರು, ಬಾವಿಯ ಹತ್ತಿರ.

ಅವರು ಹೋದ ಕೆಲವೇ ವರ್ಷಗಳಲ್ಲಿ ಬಾವಿಯೂ ಹೋಯಿತು. 2001ರಿಂದ ಮೇಲಿಂದ ಮೇಲೆ ಬರಗಾಲ. ಸುತ್ತಲಿನ ತೋಟಗಳಲ್ಲಿ ಕೊಳವೆಬಾವಿಗಳು ಇಳಿದಂತೆ ನಮ್ಮ ಬಾವಿಯ ತಳ ಮೇಲೆದ್ದು ಕಂಡಿತು. ತುಮಕೂರಿನ ನಮ್ಮ ಮನೆಯಲ್ಲಿಯೂ ನಲ್ಲಿ ದಿನ ಬಿಟ್ಟು ದಿನ, ಆಮೇಲೆ ಇನ್ನೂ ದೂರ ದೂರವಾಗಿ ಬರತೊಡಗಿತು. ನಾನೂ 2003ರಲ್ಲಿ ಕೊಳವೆಬಾವಿ ಕೊರೆಸಿದೆ. 2016ರ ಬರದಲ್ಲಿ ಅದು ಗೊರಗೊರ ಎಂದು ಒಂದು ವಾರ ಗಾಳಿಯನ್ನು ಕಾರಿ ನಿಂತಿತು. ಇನ್ನೂ ಆಳಕ್ಕೆ, ಎಂಟುನೂರು ಅಡಿಗೆ, ಇನ್ನೊಂದು ಕೊರೆಸಿದೆ. ಅದರ ಮೋಟಾರು ಇಳಿಸಲು ಬಂದ ಎಂಜಿನಿಯರ್ ಹುಡುಗನೊಬ್ಬ ನನಗೆ ಪಾಠ ಹೇಳಿದ. ಸಾವಿರ ಲೀಟರ್ ನೀರನ್ನು ಎಂಟುನೂರು ಅಡಿ ಮೇಲೆತ್ತುವುದಕ್ಕೆ ಯಾವ ನಷ್ಟವೂ ಇಲ್ಲವೆಂದು ಹಿಡಿದರೂ ಮುಕ್ಕಾಲು ಯೂನಿಟ್ಟಿನ ಹತ್ತಿರ ಕರೆಂಟು ಬೇಕಂತೆ. ಮೋಟಾರು, ಪಂಪು, ಪೈಪುಗಳು ತಿನ್ನುವುದನ್ನು ಸೇರಿಸಿದರೆ ಅದರ ಎರಡರಷ್ಟಾದರೂ ಆಗುತ್ತದಂತೆ. "ಸಾರ್, ನೀರು ಚೆಲ್ಲೋದೂ ಕರೆಂಟು ಚೆಲ್ಲೋದೂ ಒಂದೇ" ಎಂದ.

ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ತುಮಕೂರಿಗೆ ಬರುವ ನಲ್ಲಿಯ ನೀರನ್ನೇ ನೋಡಿ. ಹಾಸನ ಜಿಲ್ಲೆಯ ಗೊರೂರಿನಲ್ಲಿ ಹೇಮಾವತಿಗೆ ಅಣೆ ಕಟ್ಟಿ, ಅಲ್ಲಿಂದ ಕಾಲುವೆಯಲ್ಲಿ ಹರಿಸಿ, ಬುಗುಡನಹಳ್ಳಿಯ ಕೆರೆಯನ್ನು ತುಂಬಿಸಿ, ಅಲ್ಲಿ ಶುದ್ಧಮಾಡಿ, ಪಂಪಿನಿಂದ ಊರಿಗೆ ದೂಡಬೇಕು. ನಮ್ಮ ತೊಟ್ಟಿಗೆ ಬಂದ ಮೇಲೆ ನಾವು ಮತ್ತೊಮ್ಮೆ ಮಹಡಿಗೆ ಎತ್ತಬೇಕು. ನೀರಿನ ತೂಕ ಎಲ್ಲಿಯೂ ಹೋಗಲಿಲ್ಲ. ಬಿಂದಿಗೆ ಈಗಲೂ ಹದಿನೆಂಟು ಕಿಲೋವೇ. ಹಗ್ಗ ನಮ್ಮ ಕೈ ಬಿಟ್ಟು ಬೇರೆಯವರ ಕೈಗೆ ಹೋಗಿದೆ, ಅಷ್ಟೆ. ನಗರದ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಬೇಕೆಂದು ನೀರು ಒದಗಿಸುವವರು ಲೆಕ್ಕವಿಡುತ್ತಾರೆ. ಅಮ್ಮನ ಲೆಕ್ಕದಲ್ಲಿ ಒಂಬತ್ತು ಬಿಂದಿಗೆ. ಇಬ್ಬರೇ ಇರುವ ನಮ್ಮ ಮನೆಗೆ ಹದಿನೆಂಟು. ಎಂಟು ಜನ ಮತ್ತು ಒಂದು ಹಸುವನ್ನು ಅವರು ಇಪ್ಪತ್ತೈದರಲ್ಲಿ ಸಾಕಿದ್ದರು.

ಅಂದಿನಿಂದ ಯಾವುದನ್ನು ಕಂಡರೂ ಬಿಂದಿಗೆಯ ಲೆಕ್ಕ ಹಾಕುವ ಹುಚ್ಚು ನನಗೆ ಹಿಡಿಯಿತು. ಬಚ್ಚಲ ನಲ್ಲಿ ತೊಟ್ಟಿಕ್ಕುತ್ತಿತ್ತು, ಕ್ಷಣಕ್ಕೊಂದು ಹನಿ. ರಾತ್ರಿ ಹತ್ತಕ್ಕೆ ಅದರ ಕೆಳಗೆ ಪಾತ್ರೆಯಿಟ್ಟೆ. ಬೆಳಿಗ್ಗೆ ಆರಕ್ಕೆ ಅಳೆದರೆ ಹತ್ತಿರ ಹತ್ತಿರ ಅರ್ಧ ಬಿಂದಿಗೆ! ಹಾಗಾದರೆ ದಿನಕ್ಕೆ ಒಂದೂವರೆ, ವರ್ಷಕ್ಕೆ ಸುಮಾರು ಐನೂರು ಬಿಂದಿಗೆ. ಹತ್ತು ರೂಪಾಯಿಯೂ ಆಗದ ಒಂದು ವಾಷರಿನಿಂದ ಅದು ನಿಂತಿತು. ತಲೆಯ ಮೇಲಿನಿಂದ ಸುರಿಯುವ ಷವರು ನಿಮಿಷಕ್ಕೆ ಹತ್ತು ಲೀಟರಾದರೂ ನುಂಗುತ್ತದೆ. ಹತ್ತು ನಿಮಿಷ ಹಾಡಿಕೊಂಡು ಮಿಂದರೆ ಆರೇಳು ಬಿಂದಿಗೆ. ಬಕೆಟ್ಟು ಚೊಂಬು ಹಿಡಿದು ಕುಳಿತರೆ ಒಂದೂವರೆಯಲ್ಲಿ ಮುಗಿಯುತ್ತದೆ, ಹಾಡುವುದಕ್ಕೇನೂ ಅಡ್ಡಿಯಿಲ್ಲ. ಇಪ್ಪತ್ತು ಲೀಟರಿನ ಆ ಬಕೆಟ್ಟನ್ನು ಹದವಾಗಿ ಕಾಯಿಸಲು ಅರ್ಧ ಯೂನಿಟ್ಟು ಕರೆಂಟು ಬೇಕು. ಒಂಬತ್ತು ವಾಟಿನ ಎಲ್.ಇ.ಡಿ. ದೀಪವೊಂದನ್ನು ಅಷ್ಟರಲ್ಲಿ ಹತ್ತಿರ ಹತ್ತಿರ ಐವತ್ತೈದು ಗಂಟೆ ಉರಿಸಬಹುದು. ಮನೆಯ ದೀಪಗಳೆಲ್ಲ ಕದಿಯುವುದಕ್ಕಿಂತ ಹೆಚ್ಚನ್ನು ಬಚ್ಚಲ ಮನೆಯ ಗೀಸರು ಸದ್ದಿಲ್ಲದೆ ಕದಿಯುತ್ತದೆ ಎಂದು ತಿಳಿದ ದಿನ ನಾನು ಮಹಡಿಯ ಮೇಲೆ ಸೋಲಾರು ಹಾಕಿಸಿದೆ. ಸೂರ್ಯ ಕೊಡುವುದನ್ನು ನೇರವಾಗಿ ಬಚ್ಚಲಿಗೆ ಇಳಿಸಿಕೊಳ್ಳುವುದಕ್ಕೆ ಮನೆಯಾಕೆಯ ಒಪ್ಪಿಗೆಯೂ ಸಿಕ್ಕಿತು.

ಕುಡಿಯುವ ನೀರು ಶುದ್ಧಮಾಡುವ ಯಂತ್ರವೊಂದಿದೆಯಷ್ಟೆ. ಅದು ಒಂದು ಲೋಟ ಕೊಟ್ಟು ಎರಡು ಮೂರು ಲೋಟ ಮೋರಿಗೆ ಬಿಡುತ್ತದೆ. ಅದರ ಕೊಳವೆಯನ್ನು ಈಗ ಬಕೆಟ್ಟಿಗೆ ಇಳಿಸಿದ್ದೇವೆ. ನೆಲ ಒರೆಸಲು ಅದೇ ಸಾಕಾಗುತ್ತದೆ. ಮೇಲಿನ ಟ್ಯಾಂಕು ತುಂಬಿ ಬೀದಿಗೆ ಹರಿಯುವುದು ನಮ್ಮ ಮನೆಯ ಹಳೆಯ ಸಂಪ್ರದಾಯ. ತುಂಬಿದೊಡನೆ ಮೋಟಾರು ತಾನೇ ನಿಲ್ಲುವ ಸಣ್ಣ ಉಪಕರಣ ಬಂದ ಮೇಲೆ ಬೀದಿಯ ನಾಯಿಗಳಿಗೆ ಮಾತ್ರ ಬೇಸರವಾಗಿದೆ. ಎಲ್ಲಕ್ಕಿಂತ ದೊಡ್ಡ ಲೆಕ್ಕ ಮಳೆಯದು. ಸಾವಿರ ಚದರ ಅಡಿಯ ಮಹಡಿಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಎರಡು ಸಾವಿರದ ಮುನ್ನೂರು ಲೀಟರಿಗೂ ಮೇಲೆ. ನೂರೈವತ್ತು ಬಿಂದಿಗೆ, ಅಮ್ಮನ ಆರು ದಿನದ ದುಡಿಮೆ. ಅದನ್ನು ಇಷ್ಟು ವರ್ಷ ಪೈಪು ಹಾಕಿ ಜಾಗ್ರತೆಯಾಗಿ ಚರಂಡಿಗೆ ಮುಟ್ಟಿಸುತ್ತಿದ್ದೆ. ಈಗ ಸೋಸಿ ತೊಟ್ಟಿಗೆ ಬಿಡುತ್ತೇನೆ. ಹೆಚ್ಚಾದದ್ದು ಸತ್ತ ಕೊಳವೆಬಾವಿಯ ಪಕ್ಕದ ಇಂಗುಗುಂಡಿಗೆ.

ಇಷ್ಟೆಲ್ಲ ಮಾಡಿದರೂ ಆ ಭಾನುವಾರದ ಮಾತು ಮಾತ್ರ ಎಲ್ಲಿಯೋ ಮರೆಯಲ್ಲಿ ಕುಳಿತಿತ್ತು. ಅದು ಎದುರಿಗೆ ಬಂದು ನಿಂತದ್ದು 2024ರ ಮಾರ್ಚಿಯಲ್ಲಿ, ಬೆಂಗಳೂರಿನ ಮಗನ ಮನೆಯಲ್ಲಿ.

ಆ ಬೇಸಗೆಯನ್ನು ಬೆಂಗಳೂರಿನವರು ಮರೆತಿರಲಾರರು. ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗಾಗಿ ದೊಡ್ಡ ದೊಡ್ಡ ಮನೆಗಳವರೂ ಕಾದು ನಿಂತರು. ಕುಡಿಯುವ ನೀರಿನಿಂದ ಕಾರು ತೊಳೆದರೆ, ಕೈತೋಟಕ್ಕೆ ಹಾಕಿದರೆ ಐದು ಸಾವಿರ ರೂಪಾಯಿ ದಂಡವೆಂದು ಜಲಮಂಡಲಿ ಸಾರಿತು. ಮಗನ ಮನೆ ಒಂಬತ್ತನೆಯ ಮಹಡಿಯಲ್ಲಿ. ನಲ್ಲಿಗಳ ಮೂತಿಗೆಲ್ಲ ಸಣ್ಣ ಜಾಲರಿ ಹಾಕಿಸಿದ್ದ. ಗಾಳಿ ಬೆರೆತ ನೀರು ನೊರೆನೊರೆಯಾಗಿ ಬರುತ್ತಿತ್ತು. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ನೀರು. ಷವರು ಬಾಯಿ ಮುಚ್ಚಿತ್ತು. ಬಚ್ಚಲಲ್ಲಿ ಬಕೆಟ್ಟುಗಳ ಸಾಲು.

ಸಂಜೆ ಕಾಫಿ ಕುಡಿದು, ಲೋಟ ತೊಳೆದಿಡೋಣವೆಂದು ಅಡಿಗೆಮನೆಗೆ ಹೋದೆ. ತೊಳೆಯುವ ತೊಟ್ಟಿಯ ಪಕ್ಕದಲ್ಲಿ ಒಂದು ಪಾತ್ರೆ, ಅದರಲ್ಲಿ ಬೆಳ್ಳಗೆ ನೀರು. ದಾರಿಗೆ ಅಡ್ಡವಾಗಿತ್ತು. ಯೋಚಿಸದೆಯೇ ಕೈ ಅದನ್ನು ಎತ್ತಿತು.

"ಮಾವ, ಅದನ್ನ ಚೆಲ್ಲಬೇಡಿ" ಎಂದಳು ಸೊಸೆ, ಹಿಂದಿನಿಂದ. "ಅಕ್ಕಿ ತೊಳೆದದ್ದು. ಕರಿಬೇವಿಗೆ ಹಾಕ್ಬೇಕು."

ನಾನು ಪಾತ್ರೆಯನ್ನು ಹಿಡಿದುಕೊಂಡು ನಿಂತೆ. ಆ ಹುಡುಗಿ ಹುಟ್ಟಿದ್ದು ಬೆಂಗಳೂರಿನಲ್ಲಿ; ಬಾವಿಯನ್ನು ಇಣುಕಿ ನೋಡಿದವಳಲ್ಲ; ಕಲಗಚ್ಚು ಎಂಬ ಮಾತನ್ನೂ ಕೇಳಿದಂತಿಲ್ಲ. ನನ್ನ ಅಮ್ಮನನ್ನು ಅವಳು ಫೋಟೋದಲ್ಲಿ ಮಾತ್ರ ಬಲ್ಲಳು. "ಯಾಕೆ ಮಾವ, ಭಾರವಾಯ್ತಾ? ಕೊಡಿ" ಎಂದು ಕೈ ಚಾಚಿದಳು. "ಇಲ್ಲಮ್ಮ, ನಾನೇ ಹಾಕ್ತೀನಿ" ಎಂದು ಮೊಗಸಾಲೆಗೆ ಹೋದೆ. ಅಲ್ಲಿ ಕುಂಡದಲ್ಲಿ ಮೊಣಕಾಲುದ್ದದ ಕರಿಬೇವು. ನೀರು ಹಾಕುವುದು ಒಂದು ನಿಮಿಷದ ಕೆಲಸ. ನಾನು ಒಳಗೆ ಬರಲು ಬಹಳ ಹೊತ್ತಾಯಿತು.

ಆ ವರ್ಷದ ಕಾರ್ತಿಕದಲ್ಲಿ ಗೂಳೂರಿಗೆ ಹೋಗಿ, ಗಣಪತಿಗೆ ಕೈಮುಗಿದು, ತಮ್ಮನ ಮನೆಯ ಅಟ್ಟದಿಂದ ಅಮ್ಮನ ಬಿಂದಿಗೆಯನ್ನು ಕೇಳಿ ತಂದೆ. ಮನೆಯಾಕೆಗೆ ಬಹಳ ಸಂತೋಷವಾಯಿತು. ಹುಣಿಸೆಹಣ್ಣಿನಿಂದ ತಿಕ್ಕಿ ಫಳಫಳ ಹೊಳೆಯಿಸಿ, ನಡುಮನೆಯಲ್ಲಿ ಬಂದವರಿಗೆ ಕಾಣುವಂತೆ ಇಟ್ಟಳು. ಹಳೆಯ ಹಿತ್ತಾಳೆಗೆ ಈಗ ಬಹಳ ಗೌರವ.

ದಿನವೂ ಸಂಜೆ ಅಡಿಗೆಮನೆಯ ಮೂಲೆಯ ಪಾತ್ರೆಯನ್ನು ನಾನೇ ಎತ್ತಿ ಅಂಗಳಕ್ಕೆ ಒಯ್ಯುತ್ತೇನೆ. ಮನೆಯಾಕೆ ಊರಿನಲ್ಲಿಲ್ಲದ ದಿನಗಳಲ್ಲಿ ಮಾತ್ರ ಆ ಬಿಂದಿಗೆಯನ್ನು ಕೆಳಗಿಳಿಸಿ, ಮಳೆಯ ತೊಟ್ಟಿಯಿಂದ ತುಂಬಿಸಿ, ಕರಿಬೇವಿನ ಗಿಡದವರೆಗೆ ಹೊರುತ್ತೇನೆ. ಹತ್ತು ಹೆಜ್ಜೆಯ ದೂರ. ಎಪ್ಪತ್ತು ದಾಟಿದ ಸೊಂಟ ಅಷ್ಟಕ್ಕೇ ದೂರು ಹೇಳುತ್ತದೆ; ನಡುವೆ ಒಮ್ಮೆ ಇಳಿಸಬೇಕಾಗುತ್ತದೆ. ಇಳಿಸಿ, ಉಸಿರು ತಿರುಗಿಸಿಕೊಂಡು, ಇನ್ನು ಇಪ್ಪತ್ತನಾಲ್ಕು ಎಂದು ಎಣಿಸಿಕೊಳ್ಳುತ್ತೇನೆ.